ಮೊಣಕಾಲಿನ ಕೆಳಗಿನ ದಿಂಬು

ಮೊಣಕಾಲು ಬದಲಾಯಿಸಿಕೊಂಡು ಬಂದವರನ್ನು ಮಾತಾಡಿಸಲು ನಮ್ಮ ರಾಯಚೂರು, ಕೊಪ್ಪಳ ಸೀಮೆಯಲ್ಲಿ ಮಂದಿ ಸಾಲುಗಟ್ಟಿ ಬರುತ್ತಾರೆ. ಬಾಳೆಹಣ್ಣು, ಬಿಸ್ಕೀಟು ಮಂಚದ ಮಗ್ಗುಲಿಗಿಟ್ಟು, "ಎಷ್ಟು ಖರ್ಚ್ ಆತ್ರಿ?" ಅನ್ನುತ್ತಾರೆ. ಆಮೇಲೆ "ಅಡ್ಡಾಡ್ತೀರೇನ್ರಿ ಈಗ?" ಅನ್ನುತ್ತಾರೆ. ರಾತ್ರಿ ಹೆಂಗ ಹೋಗ್ತತಿ ಎಂದು ಕೇಳುವವರು ಕಡಿಮೆ. ಡಿಸ್ಚಾರ್ಜ್ ಫೈಲಿನಲ್ಲೂ ಎಕ್ಸ್‌ರೇ, ಗುಳಿಗೆಯ ಚೀಟಿ, ವ್ಯಾಯಾಮದ ಚಿತ್ರ ಎಲ್ಲ ಇದ್ದು ನಿದ್ದೆಯ ಬಗ್ಗೆ ಒಂದು ಸಾಲು ಸಿಕ್ಕರೆ ಪುಣ್ಯ. ಹಾಗಾಗಿ ನಡುರಾತ್ರಿ ಎರಡಕ್ಕೆ ಕಣ್ಣು ಬಿಟ್ಟುಕೊಂಡು ಫ್ಯಾನ್ ನೋಡುತ್ತ ಬಿದ್ದವರಿಗೆ ಇದು ತಮಗೊಬ್ಬರಿಗೇ ಬಂದ ಕಾಟ ಅನಿಸುತ್ತದೆ. ಆಪರೇಷನ್ನೇ ಕೆಟ್ಟಿತೇನೋ ಎಂಬ ಅನುಮಾನವೂ ಆಗಲೇ ಹುಟ್ಟುತ್ತದೆ. ಅನುಮಾನ ಬೆಳೆಯಲು ರಾತ್ರಿ ಎರಡು ಗಂಟೆ ಬಲು ಹದವಾದ ಹೊತ್ತು.

ಬಹುತೇಕ ಏನೂ ಕೆಟ್ಟಿರುವುದಿಲ್ಲ. ತೊಡೆಯೆಲುಬಿನ ಕೆಳತುದಿಯನ್ನೂ ಕಾಲೆಲುಬಿನ ಮೇಲ್ತುದಿಯನ್ನೂ ಕೊಯ್ದು, ಲೋಹ ಕೂಡಿಸಿ, ನಡುವೆ ಪಾಲಿಥೀನಿನ ಬಿಲ್ಲೆ ಇಟ್ಟಿರುತ್ತಾರೆ. ಅಷ್ಟು ದೊಡ್ಡ ಕೆಲಸ ನಡೆದ ಜಾಗ ವಾರಗಟ್ಟಲೆ ಬಾತಿರುತ್ತದೆ, ತಿಂಗಳುಗಟ್ಟಲೆ ಬೆಚ್ಚಗಿರುತ್ತದೆ. ಮೊದಲ ರಾತ್ರಿ ಮಾತ್ರ ಮೋಸದ ರಾತ್ರಿ. ನರಕ್ಕೆ ಕೊಟ್ಟ ಜೋಮಿನ ಇಂಜೆಕ್ಷನ್ ಇನ್ನೂ ಕೆಲಸ ಮಾಡುತ್ತಿರುತ್ತದೆ. "ಏನೂ ನೋವಿಲ್ಲ ನೋಡವ್ವಾ" ಎಂದು ಮಗಳಿಗೆ ಫೋನಿನಲ್ಲಿ ಹೇಳಿ ಮಲಗುತ್ತಾರೆ. ಸುಮಾರು ಒಂದು ದಿನದೊಳಗೆ ಆ ಬಲ ಇಳಿದಾಗ ಎರಡನೇ ರಾತ್ರಿ ಅಸಲು ಲೆಕ್ಕ ಶುರುವಾಗುತ್ತದೆ. ವಾಂತಿ ಆಗದಿರಲಿ, ಬಾವು ತಗ್ಗಲಿ ಎಂದು ಥಿಯೇಟರಿನಲ್ಲಿ ಡೆಕ್ಸಾಮೆಥಾಸೋನ್ ಎಂಬ ಸ್ಟೀರಾಯ್ಡ್ ಕೊಟ್ಟಿದ್ದರೆ ಅದೂ ಒಂದೆರಡು ರಾತ್ರಿ ಕಣ್ಣು ಮುಚ್ಚಗೊಡದು. ಟ್ರಾಮಡಾಲ್ ಗುಳಿಗೆ ನೋವು ತಗ್ಗಿಸಿ ಮಂಪರು ತರುತ್ತದೆ, ಆದರೆ ಮಂಪರು ಬೇರೆ, ನಿದ್ದೆ ಬೇರೆ. ಕನಸು ಬೀಳುವ ಹಂತದ ನಿದ್ದೆಯಂತೂ ದೊಡ್ಡ ಆಪರೇಷನ್ನಿನ ಮೊದಲ ರಾತ್ರಿಗಳಲ್ಲಿ ಹೆಚ್ಚುಕಡಿಮೆ ಮಾಯವಾಗಿ, ಆಮೇಲೆ ಬಾಕಿ ವಸೂಲಿಗೆ ಬಂದವರ ಹಾಗೆ ಒಟ್ಟಿಗೇ ಬಂದು ಕೂಡುತ್ತದೆ. ಸತ್ತ ಹಿರಿಯರು, ತಪ್ಪಿದ ಬಸ್ಸು, ತುಂಬಿ ಹರಿಯುವ ಹಳ್ಳ ಎಲ್ಲ ಕನಸಿನಲ್ಲಿ ಬರುವುದು ಆಗಲೇ. ಇದಕ್ಕೆ ದೃಷ್ಟಿ ತೆಗೆಸಬೇಕಿಲ್ಲ. ತೆಗೆಸಿದರೆ ಮೊಣಕಾಲಿಗೇನೂ ನಷ್ಟವಿಲ್ಲ.

ಎರಡನೇ ವಾರ ಮೊದಲನೆಯದಕ್ಕಿಂತ ಕಷ್ಟವಾದರೆ ಗಾಬರಿ ಬೇಡ. ಆಸ್ಪತ್ರೆಯ ಇಂಜೆಕ್ಷನ್ ನಿಂತಿರುತ್ತದೆ, ಫಿಸಿಯೋಥೆರಪಿಯವರು 90 ಡಿಗ್ರಿ ಮಡಚಲೇಬೇಕು ಎಂದು ಪಟ್ಟು ಹಿಡಿದಿರುತ್ತಾರೆ. ರಾಯಚೂರಿನವರು ಹೈದರಾಬಾದಿನಿಂದ, ಕೊಪ್ಪಳದವರು ಹುಬ್ಬಳ್ಳಿಯಿಂದ ಕಾರಿನಲ್ಲಿ ಕಾಲು ಇಳಿಬಿಟ್ಟುಕೊಂಡು ಊರಿಗೆ ಬಂದರೆ ಆ ರಾತ್ರಿ ಕಾಲು ಕೊಡದಂತೆ ಊದುತ್ತದೆ. ತಾಸಿಗೊಮ್ಮೆ ಗಾಡಿ ನಿಲ್ಲಿಸಿ ನಾಲ್ಕು ಹೆಜ್ಜೆ ಹಾಕಿಸಿದರೆ ಅಷ್ಟು ಊದದು. ಇನ್ನು ನೋವು ರಾತ್ರಿಯೇ ಯಾಕೆ ಹೆಚ್ಚು ಎಂದರೆ, ಬಾವನ್ನು ಹದ್ದುಬಸ್ತಿನಲ್ಲಿಡುವ ಕಾರ್ಟಿಸಾಲ್ ಎಂಬ ಹಾರ್ಮೋನು ನಡುರಾತ್ರಿಯ ಹೊತ್ತಿಗೆ ದೇಹದಲ್ಲಿ ತಳಮಟ್ಟಕ್ಕೆ ಇಳಿದಿರುತ್ತದೆ. ಅಲ್ಲಾಡದೆ ಮಲಗಿದ ಕೀಲು ಬಿಗಿದಿರುತ್ತದೆ. ಮನಸ್ಸಿಗೂ ಆ ಹೊತ್ತಿನಲ್ಲಿ ಬೇರೆ ಉದ್ಯೋಗ ಇರುವುದಿಲ್ಲ.

ಇಂಥ ಹೊತ್ತಿಗೆ ಮನೆಯಲ್ಲಿ ಯಾರಾದರೊಬ್ಬರು ಪ್ರೀತಿಯಿಂದ ಒಂದು ದಿಂಬು ತಂದು ಮೊಣಕಾಲಿನ ಕೆಳಗೆ ತುರುಕುತ್ತಾರೆ. ತಕ್ಷಣ ಹಾಯೆನಿಸುತ್ತದೆ. ಹಾಯೆನಿಸುವುದು ಸುಳ್ಳಲ್ಲ. ಕೀಲಿನ ಸುತ್ತಲಿನ ಚೀಲದಲ್ಲಿ ನೀರು ತುಂಬಿದಾಗ ಒಳಗಿನ ಒತ್ತಡ ಅತಿ ಕಡಿಮೆ ಇರುವುದು ಮೊಣಕಾಲು ಸುಮಾರು 30 ಡಿಗ್ರಿ ಮಡಚಿದಾಗ, ತಲೆದಿಂಬು ಕೊಡುವುದೂ ಹೆಚ್ಚುಕಡಿಮೆ ಅದೇ ಕೋನವನ್ನು. ಇಡೀ ಮನೆಯಲ್ಲಿ ಇದಕ್ಕಿಂತ ಮೆತ್ತಗಿನ ಶತ್ರು ಇನ್ನೊಂದಿಲ್ಲ. ರಾತ್ರಿಗೆ 8 ತಾಸಿನಂತೆ ವಾರಗಟ್ಟಲೆ ಹಾಗೇ ಮಲಗಿದರೆ ಕೀಲಿನ ಹಿಂಬದಿಯ ಚೀಲ, ತೊಡೆಯ ಹಿಂದಿನ ಸ್ನಾಯು ಆ ಅಳತೆಗೇ ಕುಗ್ಗಿ ನಿಲ್ಲುತ್ತವೆ. ಆಮೇಲೆ ಕಾಲು ಪೂರ್ತಿ ನೆಟ್ಟಗಾಗದು. 10 ಡಿಗ್ರಿ ಕೊರತೆ ಉಳಿದರೂ ನಿಂತಷ್ಟು ಹೊತ್ತು ತೊಡೆಯ ಮುಂದಿನ ಸ್ನಾಯು ಬಿಡುವಿಲ್ಲದೆ ದುಡಿಯಬೇಕು, ನಡಿಗೆಯಲ್ಲಿ ಕುಂಟು ಕಾಣುತ್ತದೆ. ಲಕ್ಷಗಟ್ಟಲೆ ಸುರಿದು ಮಾಡಿಸಿದ ಮೊಣಕಾಲನ್ನು ಒಂದು ದಿಂಬು ಹೀಗೆ ಸದ್ದಿಲ್ಲದೆ ಅರ್ಧಕ್ಕೆ ಇಳಿಸಬಲ್ಲದು.

ಇಡುವುದೇ ಆದರೆ ಉದ್ದಕ್ಕೆ ಇಡಬೇಕು. ತೊಡೆಯ ನಡುವಿನಿಂದ ಮೀನಖಂಡ ಮುಗಿಯುವ ತನಕ ಇಡೀ ಕಾಲಿಗೆ ಆಸರೆ ಸಿಕ್ಕು, ಮೊಣಕಾಲು ನೆಟ್ಟಗಿರಬೇಕು. ಹಿಮ್ಮಡಿ ಮಾತ್ರ ದಿಂಬಿನ ಅಂಚು ದಾಟಿ ಏನಕ್ಕೂ ತಾಗದೆ ಇರಲಿ. ಸಕ್ಕರೆ ಕಾಯಿಲೆ ಇದ್ದವರಲ್ಲಿ ರಾತ್ರಿಯೆಲ್ಲ ಒತ್ತಿದ ಹಿಮ್ಮಡಿ ಹುಣ್ಣಾಗಲು ಬಹಳ ದಿನ ಬೇಡ. ಕಾಲ್ಬೆರಳು ಮೇಲಿನ ಜಂತಿ ನೋಡುತ್ತಿರಬೇಕು. ಪಾದ ಹೊರಕ್ಕೆ ವಾಲಿದರೆ ಮೊಣಕಾಲು ತಾನಾಗಿ ಮಡಚಿಕೊಳ್ಳುತ್ತದೆ, ಅದಕ್ಕೆ ಹೊರಬದಿಗೆ ಒಂದು ಟವೆಲ್ ಸುತ್ತಿ ಒತ್ತುಕೊಟ್ಟರೆ ಸಾಕು.

ಉದ್ದನೆಯ ದಿಂಬಿಲ್ಲದ ಮನೆಯಲ್ಲೂ ಕೌದಿ ಇರುತ್ತದೆ. ಹಳೆಯ ಸೀರೆಗಳನ್ನು ಪದರಪದರವಾಗಿ ಹಾಸಿ ಹೊಲಿದ ಕೌದಿಯನ್ನು ಉದ್ದಕ್ಕೆ ಮಡಚಿ ಹಾಕಿದರೆ ಅಂಗಡಿಯ ಫೋಮ್ ದಿಂಬಿಗಿಂತ ವಾಸಿ. ಅಗ್ಗದ ಫೋಮ್ ನಡುರಾತ್ರಿಯ ಹೊತ್ತಿಗೆ ಕಾಲಿನ ಭಾರಕ್ಕೆ ಕುಸಿದು ಒಂದು ಕಡೆ ತಗ್ಗು, ಒಂದು ಕಡೆ ದಿಬ್ಬವಾಗುತ್ತದೆ. ಕೌದಿ ಬೆಳಗಿನ ತನಕ ಇಟ್ಟ ಹಾಗೇ ಇರುತ್ತದೆ. ಎತ್ತರ ಸಾಲದಿದ್ದರೆ ಇನ್ನೊಂದು ಮಡಿಕೆ, ಹೆಚ್ಚಾದರೆ ಒಂದು ಮಡಿಕೆ ಕಡಿಮೆ. ಅದನ್ನೇ ಗಟ್ಟಿಯಾಗಿ ಸುತ್ತಿ ಹಿಮ್ಮಡಿಗಿಂತ ಕೊಂಚ ಮೇಲೆ, ಕಾಲಿನ ಅಡಿಗೆ ಕೊಟ್ಟು, ಮೊಣಕಾಲಿನ ಹಿಂಬದಿ ಏನಕ್ಕೂ ತಾಗದಂತೆ 5ರಿಂದ 10 ನಿಮಿಷ ಬಿಡುವುದು ಕಾಲು ನೆಟ್ಟಗಾಗುವ ವ್ಯಾಯಾಮ. ಅದು ಹಗಲಿನದು, ರಾತ್ರಿಯಿಡೀ ಹಾಗೆ ಬಿಟ್ಟರೆ ನೋವೇ ಎಬ್ಬಿಸುತ್ತದೆ. ಹೊದೆಯಲು ಮಾತ್ರ ಕೌದಿ ಬೇಡ, ಅದರ ಭಾರಕ್ಕೆ ಪಾದ ಒರಗುತ್ತದೆ. ಗಾಯದ ಹೊರಬದಿಯ ಚರ್ಮದ ಸಣ್ಣ ನರ ಕೊಯ್ತದಲ್ಲಿ ಕಡಿದಿರುವುದರಿಂದ ಅಲ್ಲಿ ಜೋಮು ಹಿಡಿದಂತಿರುತ್ತದೆ. ಕೆಲವರಿಗೆ ಅಲ್ಲಿ ಬಟ್ಟೆ ಸೋಕಿದರೂ ಉರಿ. ತೆಳ್ಳನೆಯ ಹಳೆಯ ಪಂಚೆ ಹೊದೆದರೆ ಆಯಿತು.

ಹೊರಸು ಪ್ರಿಯರಿಗೆ ಒಂದು ಕೆಟ್ಟ ಸುದ್ದಿ. ನವಾರು ಜೋತುಬಿದ್ದ ಹೊರಸಿನಲ್ಲಿ ಸೊಂಟ ತಗ್ಗಿಗೆ ಇಳಿದು ಎರಡೂ ಮೊಣಕಾಲು ಮಡಚಿಯೇ ಇರುತ್ತವೆ. ಏಳುವುದಂತೂ ದೊಡ್ಡ ಪಂಚಾಯ್ತಿ. ನೆಲದ ಹಾಸಿಗೆಯ ಮಾತೇ ಬೇಡ. ಗಟ್ಟಿ ಹಲಗೆಯ ಮಂಚ, ಮೇಲೆ ಹತ್ತಿಯ ಗಾದಿ, ನೆಲದಿಂದ ಗಾದಿಯ ಮೇಲ್ಮೈಗೆ 18ರಿಂದ 20 ಇಂಚು ಇರಬೇಕು. ಅಂಚಿಗೆ ಕೂತಾಗ ಪಾದ ಪೂರ್ತಿ ನೆಲಕ್ಕೆ ಊರಿ, ಮೊಣಕಾಲು ಸೊಂಟಕ್ಕಿಂತ ಕೊಂಚ ಕೆಳಗಿದ್ದರೆ ಅಳತೆ ಸರಿ. ಮಂಚ ಗಿಡ್ಡಾದರೆ ಕಾಲಿಗೆ ಇಟ್ಟಿಗೆ ಕೊಡುವುದುಂಟು, ಅದು ಜಾರುತ್ತದೆ. ಮಂಚದ ಕಾಲು ಕೂಡುವಷ್ಟು ಗುಳಿ ತೆಗೆದ ಕಟ್ಟಿಗೆಯ ತುಂಡು ಬಡಿಗ್ಯಾರಿಗೆ ಹೇಳಿದರೆ ಒಂದು ತಾಸಿನ ಕೆಲಸ.

ಗುಳಿಗೆಯ ಗಡಿಯಾರವನ್ನೂ ನೋಡಬೇಕು. ರಾತ್ರಿ ಎಂಟಕ್ಕೆ ಊಟವಾದ ಕೂಡಲೇ ಪ್ಯಾರಸಿಟಮಾಲ್ ನುಂಗಿದರೆ ಅದರ ಬಲ 4ರಿಂದ 6 ತಾಸು. ಲೆಕ್ಕ ಹಾಕಿ ನೋಡಿ, ಎರಡು ಗಂಟೆಗೆ ಎಚ್ಚರವಾಗುವುದರಲ್ಲಿ ಯಾವ ಗ್ರಹದ್ದೂ ಕೈವಾಡವಿಲ್ಲ. ಕೊನೆಯ ಗುಳಿಗೆಯನ್ನು ಮಲಗುವ ಅರ್ಧ ತಾಸು ಮೊದಲಿಗೆ ಸರಿಸಬಹುದೇ ಎಂದು ಡಾಕ್ಟರನ್ನು ಕೇಳಿದರೆ ಸಾಮಾನ್ಯವಾಗಿ ಹೂಂ ಅನ್ನುತ್ತಾರೆ. 650 ಮಿಲಿಗ್ರಾಮಿನ ಗುಳಿಗೆ ದಿನಕ್ಕೆ ನಾಲ್ಕಾದರೆ 2.6 ಗ್ರಾಂ. 24 ತಾಸಿನಲ್ಲಿ 4 ಗ್ರಾಂ ದಾಟಲೇಬಾರದು, ವಯಸ್ಸಾದವರಿಗೆ, ಮೈಯಲ್ಲಿ ಸಣ್ಣಗಿದ್ದವರಿಗೆ, ಲಿವರ್ ತೊಂದರೆಯವರಿಗೆ ಮಿತಿ ಇನ್ನೂ ಕಡಿಮೆ. ಜನ ಎಡವುವುದು ಇಲ್ಲೇ: ಟ್ರಾಮಡಾಲ್ ಇರುವ ಎಷ್ಟೋ ಗುಳಿಗೆಗಳಲ್ಲಿ 325 ಮಿಲಿಗ್ರಾಂ ಪ್ಯಾರಸಿಟಮಾಲ್ ಮೊದಲೇ ಸೇರಿರುತ್ತದೆ, ಅದು ಲೆಕ್ಕಕ್ಕೆ ಬರುವುದೇ ಇಲ್ಲ. ಇನ್ನು ಮೆಡಿಕಲ್ ಶಾಪಿನಲ್ಲಿ ಕೇಳಿ ತರುವ ನಿದ್ದೆಗುಳಿಗೆ. ಆಲ್ಪ್ರಜೋಲಾಮ್ ಜಾತಿಯದು ಟ್ರಾಮಡಾಲ್ ಜೊತೆ ಸೇರಿದರೆ ಉಸಿರಾಟವನ್ನೇ ಕುಗ್ಗಿಸಬಲ್ಲದು, ನಡುರಾತ್ರಿ ಬಚ್ಚಲಿಗೆ ಹೊರಟವರನ್ನು ಬೀಳಿಸಬಲ್ಲದು. ಪಕ್ಕದ ಮನೆಯ ಕಾಕಾನಿಗೆ ಒಗ್ಗಿದ ಗುಳಿಗೆ ಕಾಕಾನ ಹತ್ತಿರವೇ ಇರಲಿ. ಮೊದಲಿನಿಂದಲೂ ನುಂಗುವ ರೂಢಿ ಇದ್ದವರು ಮುಚ್ಚಿಡದೆ ಡಾಕ್ಟರಿಗೆ ಹೇಳಬೇಕು, ತಾವಾಗಿ ಒಮ್ಮೆಲೇ ನಿಲ್ಲಿಸಲೂ ಬಾರದು.

ಮಲಗುವ ಮುಂಚೆ ಅರ್ಧ ತಾಸು ಕಾಲನ್ನು ಎದೆಮಟ್ಟಕ್ಕಿಂತ ಮೇಲೆ ಎತ್ತಿಟ್ಟು, ಬಟ್ಟೆ ಸುತ್ತಿದ ಐಸನ್ನು 15ರಿಂದ 20 ನಿಮಿಷ ಇಟ್ಟರೆ ಬಾವು ಇಳಿಯುತ್ತದೆ. ಜೋಮು ಹಿಡಿದ ಚರ್ಮಕ್ಕೆ ಐಸ್ ಸುಟ್ಟರೂ ಗೊತ್ತಾಗದು, ಅದಕ್ಕೇ ಬಟ್ಟೆ, ಅದಕ್ಕೇ ಗಡಿಯಾರ. ಹತ್ತಿರದ ಬಂಧುಗಳು ಇಲ್ಲಿ ಉಪ್ಪಿನ ಶಾಖದ, ಎಣ್ಣೆ ತಿಕ್ಕುವ ಸಲಹೆ ತಂದೇ ತರುತ್ತಾರೆ. ಮೊದಲ ವಾರಗಳ ಬಾವಿಗೆ ಶಾಖ ಬೇಡ, ಹಸಿ ಗಾಯದ ಮೇಲೆ ಎಣ್ಣೆಯಂತೂ ಬೇಡವೇ ಬೇಡ. ಮೊಣಕಾಲು ಮಡಚುವ ಜೋರು ವ್ಯಾಯಾಮ ಸಂಜೆ ಐದರೊಳಗೆ ಮುಗಿಯಬೇಕು. ರಾತ್ರಿಗೆ ಪಾದ ಮೇಲೆ ಕೆಳಗೆ ಆಡಿಸುವುದಷ್ಟೇ ಸಾಕು.

ಹಗಲು ಹೇಗೆ ಕಳೆಯಿತೋ ರಾತ್ರಿಯೂ ಹಾಗೆ. ಬೆಳಗಿನ ಎಳೆಬಿಸಿಲಿಗೆ ಕಟ್ಟೆಯ ಮೇಲೆ ಕುರ್ಚಿ ಹಾಕಿ ಕೂಡಿಸಿದರೆ ಮೈಯ ಗಡಿಯಾರ ಸರಿಯಾಗುತ್ತದೆ. ಮಧ್ಯಾಹ್ನದ ನಿದ್ದೆ ಮೂರರೊಳಗೆ, ಅರ್ಧ ತಾಸು ಮೀರದಂತೆ. ಆದರೆ ಮಧ್ಯಾಹ್ನ ಎರಡು ತಾಸು ಗೊರಕೆ ಹೊಡೆದದ್ದು ಯಾರ ಲೆಕ್ಕಕ್ಕೂ ಬರುವುದಿಲ್ಲ, ರಾತ್ರಿ ಎರಡು ತಾಸು ಎಚ್ಚರಿದ್ದದ್ದು ಮಾತ್ರ ಊರಿಗೆಲ್ಲ ಗೊತ್ತಾಗುತ್ತದೆ. ಬಂದವರ ಜೊತೆಗೆಲ್ಲ ಕೂಡಿ ಕುಡಿದ ಸಂಜೆಯ ಮೂರು ಚಾ, ಜೊತೆಗೆ ಮಂಡಕ್ಕಿ ಒಗ್ಗರಣೆ, ಮಿರ್ಚಿ ಭಜಿ! ನೋವಿನ ಗುಳಿಗೆ ತಿಂದು ಸೂಕ್ಷ್ಮವಾದ ಹೊಟ್ಟೆಗೆ ಮಿರ್ಚಿ ಬಿದ್ದರೆ ಮಲಗಿದ ಕೂಡಲೇ ಎದೆಯುರಿ. ಎಲೆಯಡಿಕೆಯ ಜೊತೆಗಿನ ತಂಬಾಕು ನಿದ್ದೆಯನ್ನೂ ಓಡಿಸುತ್ತದೆ, ಗಾಯ ಮಾಯುವುದನ್ನೂ ತಡೆಯುತ್ತದೆ. ರಾತ್ರಿ ಏಳಬೇಕಾದೀತು ಎಂದು ಹೆಣ್ಣುಮಕ್ಕಳು ದಿನವಿಡೀ ನೀರೇ ಕುಡಿಯದಿರುವುದುಂಟು. ಟ್ರಾಮಡಾಲ್ ಮೊದಲೇ ಮಲಬದ್ಧತೆ ತರುವ ಗುಳಿಗೆ. ನೀರು ಹಗಲೆಲ್ಲ ಧಾರಾಳ ಇರಲಿ, ಎಂಟರ ಮೇಲೆ ಕಡಿಮೆ ಮಾಡಿದರಾಯಿತು.

ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಊರುಗಳಲ್ಲಿ ಬೇಸಿಗೆಗೆ ಮಾಳಿಗೆಯೇ ಗತಿ. ಈ ಸಲ ಆ ಮೆಟ್ಟಿಲು ಬಂದ್. ಶಕ್ತಿನಗರ, ಕುಡತಿನಿಯ ವಿದ್ಯುತ್ ಸ್ಥಾವರಗಳಲ್ಲಿ ಎಷ್ಟೆಷ್ಟು ಕಲ್ಲಿದ್ದಲು ಸುಟ್ಟರೂ ಮನೆಯ ಕರೆಂಟು ನಡುರಾತ್ರಿ ಹೋಗದೆಂಬ ಭರವಸೆ ಇಲ್ಲ, ಚಾರ್ಜಿಂಗ್ ಫ್ಯಾನ್ ಒಂದು ಇರಲಿ. ಗಂಗಾವತಿ, ಸಿಂಧನೂರಿನ ಗದ್ದೆ ಕಡೆಯವರಿಗೆ ಸೊಳ್ಳೆಪರದೆ ಬಿಟ್ಟು ಬದುಕಿಲ್ಲ. ಅದರ ಅಂಚನ್ನು ಏಳುವ ಬದಿಯಲ್ಲಿ ಗಾದಿಯ ಕೆಳಗೆ ಸಿಕ್ಕಿಸಬೇಕು, ನೆಲಕ್ಕೆ ಜೋತುಬಿಟ್ಟರೆ ವಾಕರಿನ ಕಾಲು ಅದರಲ್ಲಿ ಸಿಕ್ಕಿಬೀಳುತ್ತದೆ.

ಎಚ್ಚರವಾಗಿ 20 ನಿಮಿಷವಾದರೂ ಕಣ್ಣು ಹತ್ತದಿದ್ದರೆ ಹಟ ಹಿಡಿದು ಮಲಗಿರಬಾರದು. ಅಂಚಿಗೆ ಕೂತು, ತಲೆ ಸುತ್ತುವುದೇ ಎಂದು ಒಂದು ನಿಮಿಷ ನೋಡಿ, ಪಾದ ಹತ್ತು ಸಲ ಆಡಿಸಿ ಆಮೇಲೆ ನಿಲ್ಲಬೇಕು. ವಾಕರ್ ಮುಂದೆ, ಆಪರೇಷನ್ ಆದ ಕಾಲು ಅದರ ಹಿಂದೆ, ಒಳ್ಳೆಯ ಕಾಲು ಕೊನೆಗೆ. ಪಡಸಾಲೆಯ ತನಕ ಹೋಗಿ ಬಂದರೆ ಬಿಗಿ ಸಡಿಲುತ್ತದೆ. ದಾರಿಯಲ್ಲಿ ಜೀರೋ ಬಲ್ಬು ಉರಿಯಲಿ, ಕಾಲೊರಸು ಚಾಪೆ ಎತ್ತಿಡಲಿ, ಬಚ್ಚಲ ನೆಲ ಒಣಗಿರಲಿ. ಮೊಬೈಲ್ ಮಾತ್ರ ಮುಟ್ಟಬೇಡಿ. ಆ ಹೊತ್ತಿನಲ್ಲಿ ಅದು ತೋರಿಸುವುದು ಕೆಟ್ಟುಹೋದ ಮೊಣಕಾಲುಗಳನ್ನೇ.

ಮೀನಖಂಡ ಬಿಗಿದು ನೋಯುತ್ತ ಊದುತ್ತಲೇ ಹೋದರೆ, ಜ್ವರ 100.4 ಡಿಗ್ರಿ ದಾಟಿದರೆ, ಗಾಯ ಒಸರಿದರೆ ಅದು ನಿದ್ದೆಯ ಪ್ರಶ್ನೆಯಲ್ಲ, ಅದೇ ಹೊತ್ತಿಗೆ ಆಪರೇಷನ್ ಮಾಡಿದವರಿಗೆ ಫೋನ್ ಮಾಡಬೇಕು. ಉಸಿರು ಕಟ್ಟಿದರೆ, ಎದೆ ನೋವು ಬಂದರೆ ಬೆಳಗಾಗಲೆಂದು ಕಾಯದೆ 108.

ಮಗ್ಗುಲಾಗಿ ಮಲಗಲು ಯಾವಾಗಿನಿಂದ ಬಿಡುವುದೆಂದು ಸರ್ಜನ್ನರೇ ಹೇಳಬೇಕು. ಬಿಟ್ಟ ಮೇಲೆ ಮೊದಲು ಒಳ್ಳೆಯ ಕಾಲಿನ ಮಗ್ಗುಲಿಗೆ, ಎರಡು ಕಾಲಿನ ನಡುವೆ ಮೊಣಕಾಲಿನಿಂದ ಪಾದದ ತನಕ ಉದ್ದ ದಿಂಬು, ಬೆನ್ನಿಗೊಂದು ಒತ್ತು. ಪಾದ ದಿಂಬಿನಿಂದ ಕೆಳಗೆ ಜೋತರೆ ಮೊಣಕಾಲು ತಿರುಚುತ್ತದೆ. ಎರಡೂ ಕಾಲು ಒಟ್ಟಿಗೆ ಮಾಡಿಸಿಕೊಂಡವರಿಗೆ ಒಳ್ಳೆಯ ಮಗ್ಗುಲೇ ಇಲ್ಲ, ಅವರು ಅಂಗಾತವೇ ಇನ್ನಷ್ಟು ದಿನ ತಳ್ಳಬೇಕು. ಬಹಳ ಮಂದಿಗೆ ಆರನೇ ವಾರದಿಂದ ನಿದ್ದೆಯ ತುಂಡುಗಳು ಉದ್ದವಾಗುತ್ತ, ಮೂರು ತಿಂಗಳ ಹೊತ್ತಿಗೆ ಒಂದಕ್ಕೊಂದು ಕೂಡಿಕೊಳ್ಳುತ್ತವೆ. ಆಗ ಮಗ್ಗುಲು ಬದಲಿಸುವಾಗ ಮೊಣಕಾಲಿನಲ್ಲಿ ಟಕ್ ಎಂದು ಸದ್ದಾಗಬಹುದು. ಲೋಹ ಪ್ಲಾಸ್ಟಿಕ್ಕಿಗೆ ತಾಗುವ ಸದ್ದು ಅದು. ನೋವಿಲ್ಲದಿದ್ದರೆ ಅದಕ್ಕಾಗಿ ಮನೆಮಂದಿಯನ್ನೆಲ್ಲ ಎಬ್ಬಿಸಬೇಕಿಲ್ಲ.