ಬೈ ರನ್ನರ್‌ನ ಲೆಕ್ಕ

ಹಾಸನದಲ್ಲಿ ನಮ್ಮ ಬೀದಿ ಕ್ರಿಕೆಟ್‌ಗೆ ನಾನು ಕಾಯಂ ಬೈ ರನ್ನರ್. ಬ್ಯಾಟು ಕೊಟ್ಟರೆ ಎರಡನೇ ಬಾಲಿಗೇ ಬೌಲ್ಡ್ ಆಗುತ್ತಿದ್ದೆ, ಆದರೆ ಓಟದಲ್ಲಿ ನನ್ನನ್ನು ಹಿಡಿಯುವವರಿರಲಿಲ್ಲ. ಯಾರಾದರೂ ಕಾಲು ನೋವು ಅಂದರೆ ಸಾಕು (ಎಷ್ಟೋ ಸಲ ಅದು ಬರೀ ಸೋಮಾರಿತನ), ಅವರ ಬದಲು ಓಡಲು ನನಗೆ ಕರೆ ಬರುತ್ತಿತ್ತು. ಓಡಿ ಓಡಿ ನಾಲಿಗೆ ಹೊರಬಂದರೂ ಸ್ಕೋರ್ ನೋಟ್‌ಬುಕ್ಕಿನಲ್ಲಿ ನನ್ನ ಹೆಸರಿನ ಮುಂದೆ ಸೊನ್ನೆ.

ಸಿಯಾಟಲ್‌ಗೆ ಬಂದು ಬೇಸ್‌ಬಾಲ್ ನೋಡಲು ಶುರು ಮಾಡಿದಾಗ ನನಗೆ ಮೊದಲು ಹಿಡಿಸಿದ್ದು ಹೋಮ್ ರನ್ (ನಮ್ಮ ಸಿಕ್ಸರಿನ ಹಾಗೆ) ಅಲ್ಲ, ಇಲ್ಲಿ ಲೆಕ್ಕ ಬರೆಯುವ ರೀತಿ. ರನ್ ಓಡಿದವನದು. ಮೂರು ಬೇಸ್ (ಓಟಗಾರ ಮುಟ್ಟಿ ನಿಲ್ಲುವ ಗುರುತುಗಳು) ದಾಟಿ, ಬ್ಯಾಟ್ ಹಿಡಿದು ನಿಲ್ಲುವ ಜಾಗವಾದ ಹೋಮ್ ಮುಟ್ಟಿದವನ ಹೆಸರಿಗೇ ಅದು ಬೀಳುತ್ತದೆ. ಹೊಡೆದು ಅವನನ್ನು ಅಲ್ಲಿಗೆ ಮುಟ್ಟಿಸಿದವನಿಗೆ ಬೇರೆ ಕಾಲಂ ಇದೆ. ಕ್ರಿಕೆಟ್‌ನಲ್ಲಿ ಇಬ್ಬರೂ ಅಷ್ಟೇ ದೂರ ಓಡುತ್ತಾರೆ, ರನ್ ಮಾತ್ರ ಹೊಡೆದವನಿಗೆ. ಆಚೆ ತುದಿಯವನ ಓಟ ನೆನಪಾಗುವುದು ಅವನು ರನೌಟ್ ಆದಾಗ ಮಾತ್ರ, ಅಲ್ವಾ? 2011ರಲ್ಲಿ ಐಸಿಸಿ ಅಂತರರಾಷ್ಟ್ರೀಯ ಪಂದ್ಯಗಳಲ್ಲಿ ರನ್ನರ್ ಅನ್ನೇ ತೆಗೆದುಹಾಕಿತು. ನಮ್ಮ ಜಾತಿಯವರ ಕೆಲಸವೇ ಹೋಯಿತು ಅನ್ನಿ.

ಇಲ್ಲಿ ಬೇಸ್ ಕದಿಯುವುದಕ್ಕೂ ಲೆಕ್ಕ ಇಡುತ್ತಾರೆ. ಪಿಚರ್ ಬಾಲ್ ಎಸೆಯುವ ಹೊತ್ತು ನೋಡಿಕೊಂಡು, 90 ಅಡಿ ಆಚೆಯ ಬೇಸಿಗೆ ಓಡಿಬಿಡುವುದೇ ಕದಿಯುವುದು. ರಿಕಿ ಹೆಂಡರ್ಸನ್ ಹೀಗೆ 1406 ಬೇಸ್ ಕದ್ದರು. ಅವರ ರನ್ನುಗಳು 2295. ಇಲ್ಲಿನ ಅತಿ ದೊಡ್ಡ ಲೀಗ್ ಆದ ಮೇಜರ್ ಲೀಗ್‌ನಲ್ಲಿ ಎರಡೂ ದಾಖಲೆ ಇವತ್ತಿಗೂ ಅವರದೇ. ಮೊದಲನೆಯ ಅಂಕಿ ಇಲ್ಲದೆ ಎರಡನೆಯದು ಇಷ್ಟು ದೊಡ್ಡದಾಗುತ್ತಿರಲಿಲ್ಲ.

ಹಾಗಂತ ಬರೀ ಕಾಲಿನ ವೇಗ ಸಾಕಾ? ಹರ್ಬ್ ವಾಷಿಂಗ್ಟನ್ ಕಥೆ ಕೇಳಿ. 1974ರಲ್ಲಿ ಓಕ್ಲೆಂಡ್ ಎ’ಸ್ ತಂಡದ ಮಾಲೀಕರು ಒಬ್ಬ ಓಟದ ಸ್ಪರ್ಧಿಯನ್ನು ಓಡುವುದಕ್ಕೆಂದೇ ತಂಡಕ್ಕೆ ಸೇರಿಸಿಕೊಂಡರು. ಪಕ್ಕಾ ಬೈ ರನ್ನರ್! 105 ಪಂದ್ಯ ಆಡಿದರು, ಒಮ್ಮೆಯೂ ಬ್ಯಾಟ್ ಹಿಡಿಯಲಿಲ್ಲ. ಆದರೂ ಅವರ ಹೆಸರಿನಲ್ಲಿ 33 ರನ್ ಇವೆ. ಓದಿದಾಗ ನನಗೆ ಹೊಟ್ಟೆಕಿಚ್ಚಾಯಿತು. ಆದರೆ ಕದಿಯಲು ಹೋದ 48 ಸಲದಲ್ಲಿ 17 ಸಲ ಸಿಕ್ಕಿಬಿದ್ದು ಔಟಾದರು. ಒಂದು ಔಟ್‌ನ ನಷ್ಟ ಒಂದು ಬೇಸಿನ ಲಾಭಕ್ಕಿಂತ ತುಂಬಾ ದೊಡ್ಡದು. ನಾಲ್ಕರಲ್ಲಿ ಹೆಚ್ಚುಕಡಿಮೆ ಮೂರು ಸಲ ಗೆಲ್ಲದಿದ್ದರೆ ನಿಂತಲ್ಲೇ ನಿಲ್ಲುವುದು ವಾಸಿ. ಆ ವರ್ಷದ ವರ್ಲ್ಡ್ ಸೀರೀಸ್‌ನ (ಲೀಗಿನ ಫೈನಲ್ ಸರಣಿ) ಎರಡನೇ ಪಂದ್ಯದಲ್ಲಂತೂ, ಒಂಬತ್ತನೇ ಇನಿಂಗ್ಸಿನಲ್ಲಿ, ಪಿಚರ್ ಮೈಕ್ ಮಾರ್ಷಲ್ ತಟ್ಟನೆ ತಿರುಗಿ ಎಸೆದು, ಬೇಸಿನಿಂದ ಸ್ವಲ್ಪ ಸರಿದು ನಿಂತಿದ್ದ ಅವರನ್ನು ಮೊದಲ ಬೇಸಿನಲ್ಲೇ ಔಟ್ ಮಾಡಿಸಿದರು.

ಇನ್ನೊಂದು ಕಡೆ ನಮ್ಮ ಸಿಯಾಟಲ್ ತಂಡ ಮ್ಯಾರಿನರ್ಸ್‌ನ ಜಾಶ್ ನೇಲರ್. ದಪ್ಪ ಮೈ, ಓಟದ ವೇಗ ಅಳೆದರೆ ಲೀಗಿನ ಅತಿ ನಿಧಾನದವರ ಸಾಲಿನಲ್ಲಿ. 2025ರಲ್ಲಿ ಕದ್ದದ್ದು 30 ಬೇಸ್, ಸಿಕ್ಕಿಬಿದ್ದದ್ದು ಎರಡೇ ಸಲ. ಪಿಚರ್‌ನ ಕಾಲು, ಭುಜ ನೋಡುತ್ತಾ, ತನಗೇನೂ ಸಂಬಂಧವಿಲ್ಲ ಅನ್ನುವ ಹಾಗೆ ಬೇಸಿನಿಂದ ಸರಿಯುತ್ತಾರೆ. ಎದುರಿನವರಿಗೆ ಗೊತ್ತಾಗುವಷ್ಟರಲ್ಲಿ ಅರ್ಧ ದಾರಿ ಮುಗಿದಿರುತ್ತದೆ. 2023ರ ಹೊಸ ನಿಯಮಗಳ ನೆರವೂ ಇದೆ, ಸುಳ್ಳು ಹೇಳಬಾರದು. ಬೇಸ್ 15 ಇಂಚಿನಿಂದ 18 ಇಂಚಾಯಿತು, ಪಿಚರ್ ಓಟಗಾರನ ಕಡೆ ಬೇಕಾದಷ್ಟು ಸಲ ಎಸೆದು ಹೆದರಿಸುವ ಹಾಗಿಲ್ಲ. ಆದರೆ ಆ ನೆರವು ಎಲ್ಲರಿಗೂ ಇದೆ, ಕಣ್ಣು ಎಲ್ಲರಿಗೂ ಇಲ್ಲ.

ನಮ್ಮ ಕ್ರಿಕೆಟ್ ಸ್ಕೋರ್‌ಕಾರ್ಡಿಗೂ ಒಂದು ಕಾಲಂ ಜಾಸ್ತಿ ಮಾಡಬಾರದೇಕೆ? ಜೊತೆಗಾರನಿಗಾಗಿ ಎಷ್ಟು ರನ್ ಓಡಿದ ಅಂತ. ಹೋದ ವಾರ ಹಾಸನದ ಗೆಳೆಯನಿಗೆ ಫೋನಿನಲ್ಲಿ ಇದನ್ನೇ ಹೇಳಿದೆ. ಅವನು ಜೋರಾಗಿ ನಕ್ಕ. “ಬರೀಲಿ ಬಿಡೋ. ನೀನು ರನೌಟ್ ಮಾಡಿಸಿದ್ದನ್ನೂ ಪಕ್ಕದಲ್ಲೇ ಬರೀಲಿ. ಮೊದಲನೇ ಹೆಸರು ನಂದೇ.”