ಮಾಮೂಲು ಅನ್ನೂ ಮಳ್ಳ ಶಬ್ದ

ಗಾಂಧಿ ಚೌಕದಾಗ ಇವತ್ತ ಒಬ್ಬರು ಮೈಕ್ ಹಿಡಿದು ಹೇಳಿದ್ರು: ನಮ್ಮ ಹಿರ್ಯಾರಿಗೆ ಲಂಚ ಅನ್ನೂ ಶಬ್ದನ ಗೊತ್ತಿದ್ದಿಲ್ಲಂತ, ಬ್ರಿಟಿಷರು ಬಂದು ಕಲಿಸಿದ್ರಂತ. ಚಪ್ಪಾಳಿ ಬ್ಯಾರೆ! ಬಸವಣ್ಣನ ಜಿಲ್ಲಾದಾಗ ನಿಂತು ಆಡೂ ಮಾತಾ ಇದು? 12ನೇ ಶತಮಾನದ ಶರಣೆ ಸತ್ಯಕ್ಕ 'ಲಂಚವಂಚನ'ಕ್ಕ ಕೈ ಒಡ್ಡೂದಿಲ್ಲಂತ ವಚನದಾಗ ಆಣಿ ಮಾಡ್ಯಾಳ. ಇಲ್ಲದ ಚಟಕ್ಕ ಯಾರರ ಆಣಿ ಮಾಡ್ತಾರೇನು?

'ಭ್ರಷ್ಟ' ಸಂಸ್ಕೃತದ 'ಭ್ರಂಶ್' ಧಾತುವಿಂದು, ಜಾರಿ ಬೀಳೂದು ಅಂತ ಅರ್ಥ. ಅಪಭ್ರಂಶನೂ ಅದರದ. ಕುಲಭ್ರಷ್ಟ, ಆಚಾರಭ್ರಷ್ಟ ಅಂತ ಮಡಿ ಮುರಿದವರನ್ನ ಬೈತಿದ್ರು, ರೊಕ್ಕದ ಸುದ್ದಿನ ಇದ್ದಿಲ್ಲ ಅದರಾಗ. 'ಕರಪ್ಷನ್' ಲ್ಯಾಟಿನ್‌ನ 'ರುಂಪೆರೆ'ಯಿಂದ ಬಂದದ್ದು, ಅಂದ್ರ ಮುರಿಯೂದು. ಒಂದು ಬಿದ್ದದ್ದು, ಒಂದು ಮುರಿದದ್ದು. ಏನೋ ಕೆಟ್ಟೈತಿ ಅನ್ನೂದರ ಕಾಣತೈತಿ.

'ಮಾಮೂಲು' ನೋಡ್ರಿ. ಅರಬ್ಬಿಯ 'ಅಮಲ್' ಅಂದ್ರ ಕೆಲಸ. ಮಾಮೂಲು ಅಂದ್ರ ನಡಕೊಂಡು ಬಂದದ್ದು, ರೂಢಿ. ಅಮಲ್ದಾರ, ಅಂದ್ರ ಹಳೇ ಕಾಲದ ಕಂದಾಯ ಅಧಿಕಾರಿ, ಅನ್ನೂ ಶಬ್ದನೂ ಅದ ಬೇರಿಂದ. ಕೇಳೂವನೂ ಕೇಳೂದೂ ಒಂದ ಮನಿತನ! ವೇದಿಕಿ ಮ್ಯಾಲ ಭ್ರಷ್ಟಾಚಾರ, ಕೆಳಗಿಳಿದ್ರ ಮಾಮೂಲು. ಸುಳ್ಳ್ಯಾಕ, ನನ್ನ ನಾಲಿಗಿ ಮ್ಯಾಲೂ ಅದ ಹೊರಳತೈತಿ.

"ಶಬ್ದ ತಗೊಂಡು ಏನ್ ಮಾಡ್ತಿಪಾ, ತಿನ್ನೂದು ನಿಲ್ಲಬೇಕು" ಅಂತೀರಿ. ನಿಲ್ಲಸ್ರಿ ಹಂಗಾರ! ಲಂಚ ತಗೊಳ್ಳೂವನ್ನ ಹಿಡಿಯಾಕ ಲೋಕಾಯುಕ್ತ ಪೊಲೀಸರು ನೋಟಿನ ನಂಬರ್ ಬರಕೊಂಡು, ಫಿನಾಫ್ತಲೀನ್ ಪುಡಿ ಸವರಿ ಫಿರ್ಯಾದಿದಾರನ ಕೈಗೆ ಕೊಡ್ತಾರ. ತಗೊಂಡವನ ಬೆರಳು ಸೋಡಿಯಂ ಕಾರ್ಬೊನೇಟ್ ನೀರಾಗ ಅದ್ದಿದ್ರ ನೀರು ಗುಲಾಬಿ ಆಗತೈತಿ. ಆದ್ರ ಗುಲಾಬಿ ನೀರು ನೋಟು ಮುಟ್ಟಿದ್ದನ್ನಷ್ಟ ಹೇಳತೈತಿ. ಕೇಳಿದ್ದನ್ನ ಬ್ಯಾರೆ ಸಾಬೀತು ಮಾಡಬೇಕು. ರೆಕಾರ್ಡಿಂಗಿನಾಗ "ಮಾಮೂಲು ಐತೆಲ್ಲಾ?" ಅಂತಷ್ಟ ಇದ್ರ ವಕೀಲರು ಅದನ್ನ ಹಿಡದು ಜಗ್ಗತಾರ. ಮಳ್ಳ ಶಬ್ದದ ಲಾಭ ಯಾರಿಗಾತು?

ರೊಕ್ಕನ ಆಗಬೇಕಂತಿಲ್ಲ. ಭ್ರಷ್ಟಾಚಾರ ತಡೆ ಕಾಯ್ದೆಯ 2018ರ ತಿದ್ದುಪಡಿ 'ಅನುಚಿತ ಲಾಭ' ಅಂತೈತಿ. ಫ್ರಿಜ್ ಕೊಡಿಸಿದ್ರೂ, ಮಗಳ ಮದಿವಿ ಹಾಲಿನ ಬಾಡಿಗಿ ಕಟ್ಟಿದ್ರೂ ಅದರಾಗ ಬರತೈತಿ. ಕೊಟ್ಟವಂಗೂ 7 ವರ್ಷದ ತನಕ ಜೈಲು ಆಗಬಹುದು. ಬಲವಂತಕ್ಕ ಕೊಟ್ಟಿದ್ರ 7 ದಿನದಾಗ ತಿಳಸಬೇಕು. ಕೊಡೂಕಿಂತ ಮೊದಲ ಫಿರ್ಯಾದಿ ಕೊಡೂದು ಚಲೋ. ಯಾವ ಕೆಲಸ, ಯಾರು, ಯಾವತ್ತು, ಎಷ್ಟು, ಆಡಿದ ಮಾತು ಆಡಿದಂಗ ಬರೀರಿ. ಮತ್ತ "ಮಾಮೂಲು" ಅಂದವರ ಮುಂದ ತಲಿ ಅಲ್ಲಾಡಿಸಿ ಬರಬ್ಯಾಡ್ರಿ. "ಅಂದ್ರ ಎಷ್ಟ್ರೀ ಸಾಹೇಬ್ರ?" ಅಂತ ಕೇಳ್ರಿ, ಅಂಕಿ ಅವರ ಬಾಯಿಂದನ ಬರಲಿ.