ಕುತ್ತಿಗೆಯ ಸರ್ಪ

ಜುಲೈ ತಿಂಗಳು. ನಮ್ಮ ಮನೆ ಇರುವುದು ಉಡುಪಿಯ ಹೊರಗೆ, ಗದ್ದೆಯ ಅಂಚಿನಲ್ಲಿ. ಏಣೆಲಿನ, ಅಂದರೆ ಮಳೆಗಾಲದ ಭತ್ತದ ಬೆಳೆಯ, ನೇಜಿ ನೆಟ್ಟು ಮುಗಿದ ಮೇಲೆ ಸಂಜೆ ಟ್ಯೂಬ್‌ಲೈಟ್ ಹಾಕಿದರೆ ಸಾಕು, ಮದುವೆಗೆ ಹೇಳಿಕೆ ಕೊಟ್ಟ ಹಾಗೆ ಹುಳಗಳು ಕುಟುಂಬ ಸಮೇತ ಬರುತ್ತವೆ.

ಆ ರಾತ್ರಿ ಗಂಜಿ ಊಟ ಮುಗಿಸಿ ಲೈಟಿನ ಕೆಳಗೆ ಪೇಪರ್ ಓದುತ್ತಿದ್ದೆ. ಕುತ್ತಿಗೆಯ ಮೇಲೆ ಏನೋ ಹರಿದಂತಾಯಿತು. ಇರುವೆ ಅಂದುಕೊಂಡು ಅಂಗೈಯಲ್ಲಿ ಗಸಗಸ ಉಜ್ಜಿ ಎಸೆದೆ. ಕಚ್ಚಲಿಲ್ಲ, ಉರಿಯಲಿಲ್ಲ. ಗೆದ್ದೆ ಅಂತ ಮಲಗಿದೆ.

ಮರುದಿನ ಸಂಜೆ ನೋಡಿದರೆ ಕಿವಿಯ ಕೆಳಗೆ ಕೆಂಪು ಪೆನ್ನಿನಲ್ಲಿ ಗೀಟು ಎಳೆದ ಹಾಗೆ ಒಂದು ಬರೆ. ಅದರ ಮರುದಿನ ಗೀಟಿನ ಮೇಲೆ ಸಾಲಾಗಿ ಗುಳ್ಳೆ. ಗಾಂಧಾರಿ ಮೆಣಸು ಅರೆದು ಮೆತ್ತಿದಂಥ ಉರಿ.

"ಜೇಡ ಉಚ್ಚೆ ಹೊಯ್ದದ್ದು," ಅಂದಳು ಹೆಂಡತಿ. ಪಕ್ಕದ ಮನೆಯ ದೊಡ್ಡಮ್ಮ ಕನ್ನಡಕವನ್ನೂ ಹಾಕದೆ, ಅಂಗಳದಿಂದಲೇ ತೀರ್ಪು ಕೊಟ್ಟರು: "ಸರ್ಪಸುತ್ತು ಮಾರಾಯ! ತಲೆ ಬಾಲ ಸೇರಿದರೆ ಕತೆ ಮುಗೀತು."

ಸುಮ್ನೆ ಹೇಳುವುದಲ್ಲ, ಆಮೇಲೆ ನನಗೆ ನಿದ್ದೆ ಬರಲಿಲ್ಲ. ಹೊಲಿಗೆ ಟೇಪು ಹಿಡಿದು ಅಳೆದೆವು. ಕುತ್ತಿಗೆ 16 ಇಂಚು, ಸರ್ಪ 4 ಇಂಚು. ಇನ್ನೂ 12 ಇಂಚು ಆಯುಷ್ಯ ಇತ್ತು. ಬೆಳಿಗ್ಗೆ ಮತ್ತೆ ಅಳೆದೆ. ಅಷ್ಟೇ ಇತ್ತು. ಆದರೆ ಮೊಣಕೈ ಮಡಚುವಲ್ಲಿ ಎದುರುಬದುರಾಗಿ ಇನ್ನೆರಡು ಗಾಯ ಎದ್ದಿದ್ದವು. "ಮರಿ ಹಾಕಿದೆ," ಅಂದರು ದೊಡ್ಡಮ್ಮ. ರಕ್ತಚಂದನ ತೇಯ್ದು ಅವರೇ ಹಚ್ಚಿದರು. ಅದೇ ಬಣ್ಣದಲ್ಲಿ ನಾನು ಬಸ್ಸು ಹತ್ತಿದೆ. ಪಕ್ಕದಲ್ಲಿ ಯಾರೂ ಕೂರಲಿಲ್ಲ, ಅದೊಂದು ಲಾಭ.

ಚರ್ಮದ ಡಾಕ್ಟರು ಎರಡೇ ಪ್ರಶ್ನೆ ಕೇಳಿದರು. "ಮನೆ ಗದ್ದೆ ಹತ್ತಿರವಾ? ರಾತ್ರಿ ಲೈಟಿನ ಕೆಳಗೆ ಕೂರ್ತೀರಾ?" ಆಮೇಲೆ ಅಂದರು, "ಪೆಡೆರಸ್. ಆ್ಯಸಿಡ್ ಹುಳ ಅಂತಾರಲ್ಲ, ಅದು. ಕಚ್ಚುವುದಿಲ್ಲ, ಚುಚ್ಚುವುದೂ ಇಲ್ಲ. ನೀವೇ ಅರೆದು ಹಚ್ಚಿಕೊಂಡದ್ದು." ಮೊಣಕೈಯದ್ದು ಮರಿಯಲ್ಲವಂತೆ. ಒಂದು ಕಡೆ ತಾಗಿದ ರಸ ಕೈ ಮಡಚಿದಾಗ ಇನ್ನೊಂದು ಕಡೆಗೆ ಅಚ್ಚು ಬಿದ್ದದ್ದು. ಹುಳ ಮೈಮೇಲೆ ಕೂತರೆ ಊದಿ ಓಡಿಸಬೇಕಿತ್ತು, ಸೋಪು ಹಾಕಿ ತೊಳೆಯಬೇಕಿತ್ತು. ಒಂದು ಮುಲಾಮು ಬರೆದುಕೊಟ್ಟರು. ಅಷ್ಟೇ.

ಆದರೆ ನನಗೆ ಅಷ್ಟಕ್ಕೆ ಸಮಾಧಾನವಾಗಲಿಲ್ಲ. ಇಷ್ಟು ಉರಿಸಿದವರ ಪೂರ್ತಿ ಹೆಸರು ಗೊತ್ತಾಗುವುದು ಬೇಡವಾ? ಮಂಗಳೂರಿನಲ್ಲಿ ಪ್ರಾಣಿಶಾಸ್ತ್ರ ಎಂಎಸ್ಸಿ ಓದುವ ಅಕ್ಕನ ಮಗನಿಗೆ ಫೋನ್ ಮಾಡಿದೆ. "ಹಿಡಿದಿಡಿ ಮಾವ, ಆದಿತ್ಯವಾರ ಬರ್ತೇನೆ," ಅಂದ.

ಮೂರು ರಾತ್ರಿ ಹಾರ್ಲಿಕ್ಸ್ ಬಾಟಲಿ ಹಿಡಿದು ಟ್ಯೂಬ್‌ಲೈಟಿನ ಕೆಳಗೆ ಕಾದು ಮೂರು ಹಿಡಿದೆ. ಬಂದವನು ಬಾಟಲಿ ನೋಡಿ, "ಮಾವ, ಎರಡು ಇರುವೆ," ಅಂದ. ಮೂರನೆಯದನ್ನು ನೋಡಿ ಅವನ ಮುಖ ಅರಳಿತು. ಸೆಂಟಿಮೀಟರಿಗಿಂತ ಚಿಕ್ಕದು. ತಲೆ ಕಪ್ಪು, ಎದೆ ಕಿತ್ತಳೆ, ಬೆನ್ನ ಮೇಲೆ ಮಿರಿಮಿರಿ ನೀಲಿ, ಮತ್ತೆ ಕಿತ್ತಳೆ, ತುದಿಗೆ ಮತ್ತೆ ಕಪ್ಪು. ಹೆದರಿಸಿದರೆ ಚೇಳಿನ ಹಾಗೆ ಬಾಲ ಎತ್ತುತ್ತದೆ. ಆ ನೀಲಿ ಗಟ್ಟಿ ರೆಕ್ಕೆ ಎಷ್ಟು ಗಿಡ್ಡ ಅಂದರೆ, ಮಳೆಗಾಲದಲ್ಲಿ ಒಗೆದು ಕುಗ್ಗಿದ ನನ್ನ ಅಂಗಿಯ ಹಾಗೆ ಹೊಟ್ಟೆಯೆಲ್ಲ ಹೊರಗೆ. ಹಾರುವ ರೆಕ್ಕೆ ಅದರೊಳಗೆ ಮಡಚಿಕೊಂಡಿರುತ್ತದೆ.

"ಇದು ಜೀರುಂಡೆ," ಅಂದ. ಮರದಲ್ಲಿ ಕೂತು ಕಿರುಚುವುದೂ ಜೀರುಂಡೆ, ಇದೂ ಜೀರುಂಡೆ. ಕನ್ನಡದಲ್ಲಿ ನಾವು ಹುಳಗಳಿಗೆ ಹೆಸರಿಡುವಾಗ ಸ್ವಲ್ಪ ಜಿಪುಣರು.

ದೊಡ್ಡಮ್ಮನೂ ಬಂದರು. "ಯಾವ ಜಾತಿ ಅಂತೆ?" ಸಂಬಂಧ ಕೇಳುವವರ ದನಿ. ಹುಡುಗನೂ ಜಾತಕ ಓದುವವನ ಹಾಗೆ ಶುರು ಮಾಡಿದ. ಕುಟುಂಬ ಸ್ಟ್ಯಾಫಿಲಿನಿಡೆ, ಅದರಲ್ಲೇ 60 ಸಾವಿರಕ್ಕೂ ಜಾಸ್ತಿ ಪ್ರಭೇದ. ಕುಲ ಪೆಡೆರಸ್, 1775ರಲ್ಲಿ ಫ್ಯಾಬ್ರಿಷಿಯಸ್ ಇಟ್ಟ ಹೆಸರು. ವಿಷದ ಹೆಸರು ಪೆಡೆರಿನ್, ಅದನ್ನು ತಯಾರಿಸುವುದು ಹುಳದ ಒಳಗಿರುವ ಬ್ಯಾಕ್ಟೀರಿಯಾ. "ಗದ್ದೆಯಲ್ಲಿ ಕಂದು ಜಿಗಿಹುಳು ತಿನ್ನುತ್ತೆ ಅಜ್ಜಿ, ರೈತನಿಗೆ ಉಪಕಾರಿ." ಉಪಕಾರಕ್ಕೆ ನನ್ನ ಕುತ್ತಿಗೆ ಸಾಕ್ಷಿ.

"ಪ್ರಭೇದ ಯಾವುದು? ಅದು ಹೇಳು," ಅಂದೆ.

"ಫಸ್ಕಿಪಿಸ್ ಇರಬಹುದು, 1826ರಲ್ಲಿ ಕರ್ಟಿಸ್ ಹೆಸರಿಟ್ಟದ್ದು. ಇರಬಹುದು ಅಷ್ಟೇ ಮಾವ. ಹೊರಗಿಂದ ಎಲ್ಲ ಒಂದೇ ಥರ ಕಾಣ್ತವೆ. ಬಣ್ಣ ನೋಡಿ ಹೇಳಲಿಕ್ಕಾಗುವುದಿಲ್ಲ. ಗಂಡು ಬೇಕು. ಅದರ ಜನನಾಂಗ ಬಿಡಿಸಿ ಮೈಕ್ರೋಸ್ಕೋಪಿನಲ್ಲಿ ಆಕಾರ ನೋಡಬೇಕು."

ದೊಡ್ಡಮ್ಮ ಸೆರಗು ಬಾಯಿಗೆ ಹಿಡಿದು ಒಳಗೆ ಹೋದರು.

ಅಂಗಳದಿಂದಲೇ ಸರ್ಪ ಗುರುತಿಸಿದವರಿದ್ದಾರೆ. ಐದು ವರ್ಷ ಹುಳ ಓದಿದವನು ಕೈಯಲ್ಲಿ ಹುಳ ಇಟ್ಟುಕೊಂಡು "ಇರಬಹುದು" ಅನ್ನುತ್ತಾನೆ. ನನಗೆ ಪಿತ್ತ ನೆತ್ತಿಗೇರಿತು. ಅವನು ನಗುತ್ತ ಹುಳವನ್ನು ಸ್ಪಿರಿಟ್ ಬಾಟಲಿಗೆ ಹಾಕಿಕೊಂಡು, ಬಂಗುಡೆ ಪುಳಿಮುಂಚಿ ಉಂಡು ಸಂಜೆ ಬಸ್ಸಿಗೆ ಹೋದ.

ನಾಲ್ಕು ದಿನಕ್ಕೆ ಫೋನ್ ಬಂತು. ಗುಳ್ಳೆ ಅಷ್ಟರಲ್ಲಿ ಒಣಗಿ ಕಂದು ಕಲೆ ಉಳಿದಿತ್ತು.

"ಮಾವ, ಅದು ಹೆಣ್ಣು. ಖಾತ್ರಿ ಹೇಳಲಿಕ್ಕಾಗುವುದಿಲ್ಲ. ಇನ್ನೊಂದು ಹಿಡಿಯಿರಿ."

ಬೇಲಿಯಾಚೆ ದೊಡ್ಡಮ್ಮ ಕಿವಿ ನಿಮಿರಿಸಿ ನಿಂತಿದ್ದರು. "ಎಂತ ಅಂತೆ?"

"ಹೆಣ್ಣಂತೆ ದೊಡ್ಡಮ್ಮ."

"ನಾಗಕನ್ನಿಕೆ," ಅಂದರು. "ನಾನು ಆವತ್ತೇ ಹೇಳಲಿಲ್ವಾ?"